ಉತ್ತರ ಕನ್ನಡದ ಕಲಾವಿದರಿಗೆ ಸರ್ಕಾರದ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾ ಕಡೆಯವನು. ನಮ್ಮ ದೊಡ್ಡಪ್ಪ ಯಕ್ಷಗಾನದ ಮದ್ದಲೆಗಾರರು. ಅವರ ಮಾಸಾಶನದ ಅರ್ಜಿಗಾಗಿ ಓಡಾಡಿದ ಮೇಲೆ ಊರಿನ ಬೇರೆ ಕಲಾವಿದರೂ ಕಾಗದಪತ್ರ ಹಿಡಿದು ಮನೆಗೆ ಬರತೊಡಗಿದರು. ವೇಷಧಾರಿಗಳು ಬಂದರು, ಗುಮಟೆ (ಮಡಿಕೆಗೆ ಚರ್ಮ ಬಿಗಿದ ವಾದ್ಯ) ಬಾರಿಸುವವರು ಬಂದರು, ಹಾಡು ಹೇಳುವ ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದುಕೊಂಡು ಬಂದರು. ಅವರೆಲ್ಲ ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕೆಲವು ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಜನ ಹೆಚ್ಚು ಎಡವುವುದು ಅಲ್ಲೇ.

ಮಾಸಾಶನ ಅಂದರೆ ಏನು? ಯಾರಿಗೆ ಸಿಗುತ್ತದೆ?

ಕಷ್ಟದಲ್ಲಿರುವ ಸಾಹಿತಿ, ಕಲಾವಿದರಿಗೆ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ತಿಂಗಳು ತಿಂಗಳು ಕೊಡುವ ಹಣ ಇದು. 58 ವರ್ಷ ತುಂಬಿರಬೇಕು. ಅಂಗವಿಕಲರಿಗೆ ವಯಸ್ಸಿನಲ್ಲಿ ರಿಯಾಯಿತಿ ಇದೆ. ಬಹಳ ವರ್ಷ ಕಲೆಯಲ್ಲಿ ದುಡಿದಿರಬೇಕು, ಮನೆಯ ಆದಾಯ ಕಡಿಮೆ ಇರಬೇಕು. ಯಕ್ಷಗಾನ, ನಾಟಕ, ಸಂಗೀತ, ನೃತ್ಯ, ಜಾನಪದ, ಚಿತ್ರಕಲೆ, ಶಿಲ್ಪಕಲೆ, ಸಾಹಿತ್ಯ ಎಲ್ಲವೂ ಇದರಲ್ಲಿ ಸೇರುತ್ತವೆ.

ಮೊತ್ತವನ್ನೂ ಆದಾಯದ ಮಿತಿಯನ್ನೂ ಸರ್ಕಾರ ಆಗಾಗ ಬದಲಿಸುತ್ತದೆ. ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ನೋಡಿ. ವಾಟ್ಸಾಪಿನಲ್ಲಿ ತಿರುಗುವ ಹಳೆಯ ಸಂದೇಶ ನಂಬಬೇಡಿ. ಈ ಹಣದಲ್ಲಿ ಸಂಸಾರ ನಡೆಯುವುದಿಲ್ಲ, ನಿಜ. ಆದರೆ ದೊಡ್ಡಪ್ಪನ ಬಿ.ಪಿ. ಮಾತ್ರೆಗೆ, ಮನೆಯ ಕರೆಂಟ್ ಬಿಲ್ಲಿಗೆ ಯಾರನ್ನೂ ಕೇಳಬೇಕಾಗಿಲ್ಲ.

ಇದಕ್ಕೆಲ್ಲ ಅರ್ಜಿ ಹಾಕುವುದು ಕೈ ಚಾಚಿದ ಹಾಗೆ ಆಗುವುದಿಲ್ವಾ?

ದೊಡ್ಡಪ್ಪನೂ ಮೊದಲು ಇದನ್ನೇ ಕೇಳಿದ್ದು. "ಇಷ್ಟು ವರ್ಷ ಯಾರ ಮನೆ ಬಾಗಿಲಿಗೂ ಹೋಗಲಿಲ್ಲ, ಈಗ ಹೋಗುವುದಾ?" ಅಂದರು. ಎರಡು ವರ್ಷ ಅರ್ಜಿ ಮುಟ್ಟಲೂ ಒಪ್ಪಲಿಲ್ಲ.

ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಮೇಳ, ಅಂದರೆ ಯಕ್ಷಗಾನ ತಂಡ, ತಿರುಗಾಟಕ್ಕೆ ಹೊರಡುತ್ತದೆ, ಮಳೆ ಹಿಡಿಯುವ ಹೊತ್ತಿಗೆ ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲದಲ್ಲಿ ದುಡಿಮೆ ಇಲ್ಲ. ರಾತ್ರಿಯೆಲ್ಲ ಬಾರಿಸಿ ಬೆಳಿಗ್ಗೆ ಬಸ್ಸಿನಲ್ಲಿ ನಿದ್ದೆ ಮಾಡಿ ಮುಂದಿನ ಊರಿಗೆ ಹೋದವರಿಗೆ ಪಿ.ಎಫ್. ಇಲ್ಲ, ರಜೆ ಇಲ್ಲ, ನಿವೃತ್ತಿ ಹಣ ಇಲ್ಲ. ಶಾಲೆ ಮಾಸ್ತರರು ನಿವೃತ್ತರಾಗಿ ಪಿಂಚಣಿ ತಗೊಂಡರೆ ಅದನ್ನು ಯಾರೂ ಭಿಕ್ಷೆ ಅನ್ನುವುದಿಲ್ಲ. ಕಾರವಾರದ ಕರಾವಳಿ ಉತ್ಸವಕ್ಕೆ, ಬನವಾಸಿಯ ಕದಂಬೋತ್ಸವಕ್ಕೆ ಇಲ್ಲಿನ ಕಲಾವಿದರು ಬೇಕು. ಅದೇ ಕಲಾವಿದರಿಗೆ ವಯಸ್ಸಾದ ಮೇಲೆ ಔಷಧಿಗೆ ದುಡ್ಡು ಬೇಕು. ಮಾಸಾಶನ ನಿಮ್ಮ ದುಡಿಮೆಯ ಬಾಕಿ ಅಂತಲೇ ನಾನು ನಂಬಿದ್ದೇನೆ.

ನಾನು 40 ವರ್ಷ ವೇಷ ಮಾಡಿದ್ದೇನೆ. ಆದರೆ ಪುರಾವೆ ಒಂದೂ ಇಲ್ಲ. ಏನು ಮಾಡಲಿ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ನನಗೆ ಅತಿ ಹೆಚ್ಚು ಸಂಕಟ ಕೊಡುವುದೂ ಇದೇ. ಯಕ್ಷಗಾನದ ಆಟ ರಾತ್ರಿ ಶುರುವಾಗಿ ಬೆಳಗಾಗುವುದರೊಳಗೆ ಮುಗಿದು ಹೋಗುತ್ತದೆ. ನೋಡಿದವರಿಗೆ ನೆನಪಿರುತ್ತದೆ, ಗದ್ದೆಯಲ್ಲಿ ಕಂಬ ನೆಟ್ಟ ಗುಂಡಿ ಇರುತ್ತದೆ, ಅಷ್ಟೇ. ಕಚೇರಿಗೆ ಮಾತ್ರ ಕಾಗದ ಬೇಕು.

ಆದರೂ ಹುಡುಕಿದರೆ ಸಿಗುತ್ತದೆ. ಮೊದಲು ಮನೆಯ ಟ್ರಂಕು ತೆಗೆಯಿರಿ. ಆಟದ ಹ್ಯಾಂಡ್‌ಬಿಲ್, ಸನ್ಮಾನ ಪತ್ರ, ಸಂಘದವರು ಕೊಟ್ಟ ನೆನಪಿನ ಕಾಣಿಕೆ, ಊರ ಜಾತ್ರೆಯ ಕರೆಯೋಲೆ, ಹಳೆಯ ಫೋಟೊ. ಫೋಟೊ ಹಿಂದೆ ಊರು, ವರ್ಷ, ಪಾತ್ರದ ಹೆಸರು ಬರೆಯಿರಿ. ಬಣ್ಣ ಹಚ್ಚಿದ ಮುಖ ಯಾರದೆಂದು ಅಧಿಕಾರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕಿರೀಟ ಇಳಿಸಿಟ್ಟು ತೆಗೆಸಿಕೊಂಡ ಫೋಟೊ ಇದ್ದರೆ ಅದಕ್ಕೆ ಬೆಲೆ ಜಾಸ್ತಿ.

ಟ್ರಂಕಿನಲ್ಲಿ ಇಲ್ಲದಿದ್ದರೆ ಹೊರಗೆ ಹುಡುಕಬೇಕು. ಆಟ ಆಡಿಸಿದ ದೇವಸ್ಥಾನದ ಆಡಳಿತ ಮಂಡಳಿಯಲ್ಲಿ ಖರ್ಚಿನ ಪುಸ್ತಕ ಇರುತ್ತದೆ. ಹಳೆಯ ಪುಸ್ತಕದಲ್ಲಿ ಕಲಾವಿದರಿಗೆ ಕೊಟ್ಟ ಸಂಭಾವನೆ ಬರೆದಿಟ್ಟಿರಬಹುದು. ಮೇಳದ ಯಜಮಾನರು ಲೆಟರ್‌ಹೆಡ್‌ನಲ್ಲಿ ಪತ್ರ ಕೊಡಬಹುದು. "ಇವರು ಒಳ್ಳೆಯ ಕಲಾವಿದರು" ಅಂತ ಬರೆದರೆ ಸಾಲದು. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಪಾತ್ರ, ಎಲ್ಲೆಲ್ಲಿ ಅಂತ ಇರಬೇಕು. ಆಕಾಶವಾಣಿ ಕಾರವಾರ ಕೇಂದ್ರದಲ್ಲಿ ಹಾಡಿದ್ದರೆ, ಬಾರಿಸಿದ್ದರೆ ಅಲ್ಲಿಂದ ಬಂದ ಪತ್ರ ಅಥವಾ ಚೆಕ್ಕಿನ ಜೆರಾಕ್ಸ್ ಬಹಳ ಗಟ್ಟಿ ದಾಖಲೆ. ಪತ್ರಿಕೆಯಲ್ಲಿ ಹೆಸರು ಬಂದಿದ್ದರೆ ಕತ್ತರಿಸಿಡಿ, ದಿನಾಂಕ ಇರುವ ತುದಿಯನ್ನು ಬಿಡಬೇಡಿ.

ಶಿರಸಿಯ ಬೇಡರ ವೇಷದವರಿಗೆ ಇನ್ನೊಂದು ಕಷ್ಟ ಇದೆ. ಹೋಳಿಯ ದಿನಗಳಲ್ಲಿ, ಅದೂ ಎರಡು ವರ್ಷಕ್ಕೊಮ್ಮೆ ಬೀದಿಗೆ ಬರುವ ಕಲೆ ಅದು. ಮೇಳದ ಹಾಗೆ ಖಾಯಂ ಯಜಮಾನರು ಇಲ್ಲ. ಅಂಥವರು ಆಯಾ ಕೇರಿಯ ಸಮಿತಿಯಿಂದ ಪತ್ರ ತಗೊಳ್ಳಲಿ, ಪೇಟೆಯ ಫೋಟೊ ಸ್ಟುಡಿಯೊದಲ್ಲಿ ಹಳೆಯ ಹೋಳಿಯ ಫೋಟೊ ಕೇಳಲಿ.

ಬಾಯಿಂದ ಬಾಯಿಗೆ ಬಂದ ಹಾಡಿನವರಿಗೆ ಕಾಗದವೇ ಇರುವುದಿಲ್ಲ. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನಪಿಸಿಕೊಳ್ಳಿ. ಅವರ ಹಾಡುಗಳೆಲ್ಲ ನೆನಪಿನಲ್ಲೇ ಇದ್ದವು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಸಮುದಾಯವಾದ ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ ಅವರ ಹಾಗೆ ಹಾಡುವ ಹೆಂಗಸರು ಇನ್ನೂ ಇದ್ದಾರೆ, ಯಾರೂ ಅವರ ಹೆಸರು ಬರೆದಿಟ್ಟಿಲ್ಲ. ಇಂಥವರಿಗೆ ಮೊಬೈಲಿನಲ್ಲಿ ಮಾಡಿದ ವಿಡಿಯೊ, ಗ್ರಾಮ ಪಂಚಾಯಿತಿಯ ಪತ್ರ, ಶಾಲೆಯಲ್ಲಿ ಹಾಡಿಸಿದ್ದರೆ ಶಾಲೆಯ ಪತ್ರ ಸೇರಿಸಿ ಕಡತ ಕಟ್ಟಬೇಕು.

ನಾನು ರಂಗಸ್ಥಳಕ್ಕೆ ಬಂದವನಲ್ಲ. ವೇಷ ಕಟ್ಟುವವನು. ನನಗೂ ಆಗುತ್ತದಾ?

ಅರ್ಜಿ ಹಾಕಿ. ಪ್ರಸಾಧನ (ಬಣ್ಣ ಹಚ್ಚುವುದು), ವೇಷಭೂಷಣ ಕೂಡ ಕಲೆಯೇ. ಚೌಕಿಯಲ್ಲಿ ಕಿರೀಟ ಬಿಗಿಯುವವರಿಲ್ಲದೆ ಯಾವ ಕೌರವ ರಂಗಸ್ಥಳಕ್ಕೆ ಹೋದಾನು? ನೀವು ಕಟ್ಟಿದ ವೇಷಗಳ ಫೋಟೊ, ಮೇಳದ ಪತ್ರ, ಹಿರಿಯ ಕಲಾವಿದರೊಬ್ಬರ ಹೇಳಿಕೆ ಇಡಿ. ಅರ್ಜಿಯಲ್ಲಿ "ಮೇಳದ ಕೆಲಸ" ಅಂತ ಬರೆಯಬೇಡಿ, "ಯಕ್ಷಗಾನ ವೇಷಭೂಷಣ ಮತ್ತು ಪ್ರಸಾಧನ" ಅಂತ ಬರೆಯಿರಿ. ಮೊದಲಿನ ಹಾಗೆ ಬರೆದರೆ ಕೂಲಿ ಕೆಲಸ ಅಂತ ತಿಳಿಯುತ್ತಾರೆ.

ಆದಾಯ ಪ್ರಮಾಣಪತ್ರ ಎಲ್ಲಿ ಮಾಡಿಸಬೇಕು?

ನಾಡಕಚೇರಿಯಲ್ಲಿ. ಗ್ರಾಮ ಒನ್ ಕೇಂದ್ರದಲ್ಲೂ ಅರ್ಜಿ ಹಾಕಬಹುದು. ಮಗ ಬೆಂಗಳೂರಿನಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದು, ಹೆಸರು ಮಾತ್ರ ನಿಮ್ಮ ರೇಷನ್ ಕಾರ್ಡ್‌ನಲ್ಲೇ ಉಳಿದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಇಲ್ಲದಿದ್ದರೆ ಅವನ ಸಂಬಳವನ್ನು ನಿಮ್ಮ ಮನೆಯ ಆದಾಯಕ್ಕೆ ಸೇರಿಸಿ ಲೆಕ್ಕ ಹಾಕಬಹುದು.

ಆಧಾರ್‌ನಲ್ಲಿ ಒಂದು ಹೆಸರು, ಹ್ಯಾಂಡ್‌ಬಿಲ್‌ನಲ್ಲಿ ಇನ್ನೊಂದು. ತೊಂದರೆ ಆಗುತ್ತದಾ?

ಖಂಡಿತ ಆಗುತ್ತದೆ. ನಮಗೇ ಆಗಿದೆ. ಯಕ್ಷಗಾನದಲ್ಲಿ ಕಲಾವಿದರನ್ನು ಊರಿನ ಹೆಸರಿನಿಂದ, ಮನೆತನದ ಹೆಸರಿನಿಂದ ಕರೆಯುವುದು ರೂಢಿ. ದೊಡ್ಡಪ್ಪನ ಹ್ಯಾಂಡ್‌ಬಿಲ್‌ಗಳಲ್ಲೆಲ್ಲ ಊರಿನ ಹೆಸರೇ ಇದೆ. ಆಧಾರ್‌ನಲ್ಲಿ ತಂದೆಯ ಹೆಸರು ಸೇರಿದೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಇನಿಶಿಯಲ್. ಅರ್ಜಿ ವಾಪಸ್ ಬಂತು. ಯಾಕೆ ಅಂತ ಯಾರೂ ತಿಳಿಸಲಿಲ್ಲ. ನಾವಾಗಿ ಹೋಗಿ ಕೇಳಿದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ, ಮದ್ದಲೆಯ ಮುಚ್ಚಿಗೆ ಒರೆಸುತ್ತಾ ಕೂತಿದ್ದರು. ಆ ದಿನ ನೆನಪಾದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನೀವು ಮೊದಲೇ ಎಚ್ಚರ ವಹಿಸಿ. ಆಧಾರ್ ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದೇ ಥರ ಮಾಡಿಸಿಕೊಳ್ಳಿ. ಕಲೆಯ ಹೆಸರಿಗೆ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ. "ಈ ಹೆಸರಿನವನೂ ಆ ಹೆಸರಿನವನೂ ನಾನೇ" ಅನ್ನುವ ಒಂದು ಹಾಳೆ ಸಾಕು. ಅದನ್ನು ಕಡತದಲ್ಲಿ ಎಲ್ಲಕ್ಕಿಂತ ಮೇಲೆ ಇಡಿ.

ಅರ್ಜಿಗೆ ಕಾರವಾರಕ್ಕೇ ಹೋಗಬೇಕಾ?

ಅರ್ಜಿ ಹಾಕಲು ಹೋಗಬೇಕಾಗಿಲ್ಲ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬಹುದು. ನಿಮ್ಮ ಪಂಚಾಯಿತಿಯ ಗ್ರಾಮ ಒನ್‌ನಲ್ಲಿ ಹಾಕಿಸಿದರೆ ಸಾಕು. ಆಧಾರ್‌ಗೆ ಸೇರಿಸಿದ ಮೊಬೈಲ್ ಜೊತೆಗಿರಲಿ, ಅದಕ್ಕೆ ಒಟಿಪಿ ಬರುತ್ತದೆ. ಮೊಬೈಲ್ ನಂಬರ್ ಮಗನದಾಗಿದ್ದು ಅವನು ಹುಬ್ಬಳ್ಳಿಯಲ್ಲಿದ್ದರೆ ಆ ಹೊತ್ತಿಗೆ ಫೋನ್ ಎತ್ತಲು ಹೇಳಿಡಿ.

ಇಲಾಖೆಯ ಜಿಲ್ಲಾ ಕಚೇರಿ ಇರುವುದು ಕಾರವಾರದಲ್ಲಿ. ಸಹಾಯಕ ನಿರ್ದೇಶಕರು ಅಲ್ಲಿನ ಮುಖ್ಯಸ್ಥರು. ನಮ್ಮ ಜಿಲ್ಲೆಗೆ 12 ತಾಲೂಕು. ಶಿರಸಿಯಿಂದ ಕಾರವಾರ ನೂರು ಕಿಲೋಮೀಟರಿಗೂ ದೂರ, ಘಟ್ಟ ಇಳಿಯಬೇಕು. ಮುಂಡಗೋಡ, ಹಳಿಯಾಳದವರಿಗೆ ಹೋಗಿ ಬರಲು ಇಡೀ ದಿನ ಬೇಕು. ಹಾಗಾಗಿ ಸುಮ್ನೆ ಹೊರಡಬೇಡಿ. ಮೊದಲು ಫೋನ್ ಮಾಡಿ, ಅಧಿಕಾರಿ ಇದ್ದಾರಾ, ಯಾವ ಕಾಗದ ತರಬೇಕು ಅಂತ ಕೇಳಿ. ಹೋಗುವಾಗ ಎಲ್ಲದರ ಎರಡೆರಡು ಜೆರಾಕ್ಸ್ ಇರಲಿ. ಮೂಲ ಪ್ರತಿ ತೋರಿಸಿ, ಯಾರ ಕೈಗೂ ಕೊಟ್ಟು ಬರಬೇಡಿ. ಅರ್ಜಿ ಸಂಖ್ಯೆಯನ್ನು ಕ್ಯಾಲೆಂಡರ್ ಹಿಂದೆ ದಪ್ಪಗೆ ಬರೆದಿಡಿ.

ಸಂದರ್ಶನಕ್ಕೆ ಕರೆದಿದ್ದಾರೆ. ಏನು ಕೇಳುತ್ತಾರೆ?

ನಿಮ್ಮ ಕಲೆಯ ಬಗ್ಗೆ ಕೇಳುತ್ತಾರೆ. ಯಾರಿಂದ ಕಲಿತಿರಿ, ಯಾವ ಮೇಳದಲ್ಲಿ ಇದ್ದಿರಿ, ಯಾವ ಪ್ರಸಂಗದಲ್ಲಿ ಯಾವ ಪಾತ್ರ. ಒಂದು ಪದ್ಯ ಹೇಳಿ ಅನ್ನಬಹುದು, ಒಂದು ಬಿಡ್ತಿಗೆ (ತಾಳದ ಮುಕ್ತಾಯದ ಪೆಟ್ಟುಗಳು) ಬಾರಿಸಿ ಅನ್ನಬಹುದು. ಹೊತ್ತೊಯ್ಯಬಹುದಾದ ವಾದ್ಯವಾದರೆ ಜೊತೆಗೇ ಒಯ್ಯಿರಿ. ವಯಸ್ಸಾಗಿ ದನಿ ಒಡೆಯುತ್ತದೆ, ಹೆಜ್ಜೆ ಬರುವುದಿಲ್ಲ ಅಂತ ಹೆದರಬೇಡಿ. ಕುಣಿಯಲು ಆಗದಿದ್ದರೆ ಕೂತಲ್ಲೇ ಪಾತ್ರದ ಮಾತು, ಅಂದರೆ ಅರ್ಥ, ಹೇಳಿ. ನಾಲ್ಕು ಮಾತು ಕೇಳಿದರೆ ಅನುಭವ ಇದ್ದವರು ಯಾರು ಅಂತ ಗೊತ್ತಾಗಿಬಿಡುತ್ತದೆ.

ಕೇಂದ್ರ ಸರ್ಕಾರದಿಂದಲೂ ಪಿಂಚಣಿ ಇದೆಯಂತೆ, ಹೌದಾ?

ಹೌದು. ಕೇಂದ್ರದ ಸಂಸ್ಕೃತಿ ಸಚಿವಾಲಯದಲ್ಲಿ ಹಿರಿಯ ಕಲಾವಿದರಿಗೆ ಧನಸಹಾಯದ ಯೋಜನೆ ಇದೆ. 60 ವರ್ಷ ತುಂಬಿರಬೇಕು. ಗಂಡ ಹೆಂಡತಿ ಇಬ್ಬರದೂ ಸೇರಿ ವರ್ಷದ ಆದಾಯ 72,000 ರೂಪಾಯಿ ದಾಟಿರಬಾರದು. ತಿಂಗಳಿಗೆ 6,000 ರೂಪಾಯಿವರೆಗೆ ಸಿಗುತ್ತದೆ. ರಾಜ್ಯದಿಂದ ಎಷ್ಟು ಬರುತ್ತಿದೆ ಅನ್ನುವುದನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರುವುದರಿಂದ ನಮ್ಮವರು ಇದರ ಹತ್ತಿರವೇ ಹೋಗುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗರು ಒಂದು ಸಂಜೆ ಕೂತು ತುಂಬಿಸಿ ಕೊಟ್ಟರೆ ಎಷ್ಟೋ ಮನೆಗೆ ಉಪಕಾರ ಆಗುತ್ತದೆ.

ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾ ಬರುತ್ತಿದೆ. ಅದನ್ನು ಮುಚ್ಚಿಟ್ಟು ಅರ್ಜಿ ಹಾಕಬಹುದಾ?

ಬೇಡ. ಎಲ್ಲವೂ ಆಧಾರ್‌ಗೆ ಸೇರಿವೆ, ಗೊತ್ತಾಗಿಯೇ ಆಗುತ್ತದೆ. ಇರುವುದನ್ನು ಇರುವ ಹಾಗೆ ಬರೆಯಿರಿ. ಎರಡರಲ್ಲಿ ಒಂದನ್ನು ಬಿಡಬೇಕು ಅಂದರೆ ಹೆಚ್ಚು ಬರುವುದನ್ನು ಉಳಿಸಿಕೊಳ್ಳಿ. ಆದರೆ ಹೊಸದು ಮಂಜೂರಾಗಿ ಆದೇಶ ಕೈಗೆ ಬರುವ ತನಕ ಹಳೆಯದನ್ನು ನಿಲ್ಲಿಸಲು ಹೋಗಬೇಡಿ.

ನನಗೆ ಈಗ 35. ಮಾಸಾಶನದ ವಯಸ್ಸಲ್ಲ. ನನಗೇನಿದೆ?

ಒಬ್ಬರೇ ಇದ್ದರೆ ಕೇಂದ್ರದ ಫೆಲೋಶಿಪ್ ನೋಡಿ. 25ರಿಂದ 40 ವರ್ಷದವರಿಗೆ ಕಿರಿಯ ಫೆಲೋಶಿಪ್, ತಿಂಗಳಿಗೆ 10,000 ರೂಪಾಯಿ. 40 ದಾಟಿದವರಿಗೆ ಹಿರಿಯ ಫೆಲೋಶಿಪ್, ತಿಂಗಳಿಗೆ 20,000. ಎರಡೂ ಎರಡು ವರ್ಷದ್ದು. ಜಾನಪದ, ಪಾರಂಪರಿಕ ಕಲೆಗಳಿಗೂ ಇದೆ. ನೀವು ಯಾವ ವಿಷಯದ ಮೇಲೆ ಕೆಲಸ ಮಾಡುತ್ತೀರಿ ಅಂತ ಬರೆದು ಕೊಡಬೇಕು. ಉದಾಹರಣೆಗೆ, ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಹಳೆಯ ಮಟ್ಟುಗಳನ್ನು (ಹಾಡಿನ ಧಾಟಿಗಳನ್ನು) ಹಿರಿಯ ಭಾಗವತರಿಂದ ಕೇಳಿ ದಾಖಲಿಸುತ್ತೇನೆ ಅಂತ ಬರೆಯಬಹುದು. ಹೊನ್ನಾವರ, ಕುಮಟಾ, ಸಿದ್ದಾಪುರದಲ್ಲಿ ಇಂಥ ಕೆಲಸ ರಾಶಿ ಬಿದ್ದಿದೆ.

ತಂಡ ಇದ್ದರೆ ಕೇಂದ್ರದ್ದೇ ಗುರು ಶಿಷ್ಯ ಪರಂಪರೆಯ ರೆಪರ್ಟರಿ (ಕಲಾತಂಡ) ಅನುದಾನ ಇದೆ. ಗುರುವಿಗೆ ತಿಂಗಳಿಗೆ 15,000 ರೂಪಾಯಿ. ಶಿಷ್ಯರಿಗೆ ವಯಸ್ಸು ನೋಡಿ 2,000ದಿಂದ 10,000 ರೂಪಾಯಿವರೆಗೆ. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಮೇಳ ನಮ್ಮ ಕಣ್ಣ ಮುಂದೆ ಇದೆ. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳ, ಇವತ್ತಿಗೂ ಮಕ್ಕಳಿಗೆ ಕಲಿಸುತ್ತಿದೆ. ಅಷ್ಟು ದೊಡ್ಡದಲ್ಲದಿದ್ದರೂ ಊರಲ್ಲಿ ಹತ್ತು ಮಕ್ಕಳಿಗೆ ಹೆಜ್ಜೆ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಹಾಜರಿ ಪುಸ್ತಕ ಇಡಿ, ತರಗತಿಯ ಫೋಟೊ ತೆಗೆದಿಡಿ.

ರಾಜ್ಯದ ಇಲಾಖೆಯಲ್ಲಿ ಪ್ರಾಯೋಜನೆ ಕಾರ್ಯಕ್ರಮ ಇದೆ. ತಂಡಕ್ಕೆ ಕಾರ್ಯಕ್ರಮ ಕೊಟ್ಟು ಸಂಭಾವನೆ ಕೊಡುತ್ತಾರೆ. ಯಕ್ಷಗಾನ, ಜಾನಪದ, ನಾಟಕ, ಸಂಗೀತ ನೃತ್ಯ, ಲಲಿತಕಲೆ ಹೀಗೆ ಒಂದೊಂದು ಕಲೆಗೂ ಅಕಾಡೆಮಿ ಇದೆ. ಅವು ನಡೆಸುವ ಶಿಬಿರಗಳಿಗೆ ಹೋಗಿ ಬನ್ನಿ. ಅಲ್ಲಿ ಕೊಡುವ ಪ್ರಮಾಣಪತ್ರ ಮುಂದೆ 58 ತುಂಬಿದಾಗ ಕೈ ಹಿಡಿಯುತ್ತದೆ.

ಮಗಳು ಚೆನ್ನಾಗಿ ಕುಣಿಯುತ್ತಾಳೆ. ಶಿಷ್ಯವೇತನ ಸಿಗುತ್ತದಾ?

10ರಿಂದ 14 ವರ್ಷದ ಮಕ್ಕಳಿಗೆ ಕೇಂದ್ರದ ಸಾಂಸ್ಕೃತಿಕ ತರಬೇತಿ ಸಂಸ್ಥೆ ಸಿಸಿಆರ್‌ಟಿಯ ಸಾಂಸ್ಕೃತಿಕ ಪ್ರತಿಭೆ ಶಿಷ್ಯವೇತನ ಇದೆ. ಪರಂಪರೆಯಿಂದ ಕಲೆ ನಡೆಸಿಕೊಂಡು ಬಂದ ಮನೆಯ ಮಕ್ಕಳಿಗೆ ಅದರಲ್ಲಿ ಬೇರೆಯೇ ಪಾಲು ಇಟ್ಟಿದ್ದಾರೆ. 18ರಿಂದ 25ರವರಿಗೆ ಯುವ ಕಲಾವಿದರ ಶಿಷ್ಯವೇತನ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಹಣ ಆರು ತಿಂಗಳಿಗೊಮ್ಮೆ ಬರುತ್ತದೆ. ಗುರುಗಳ ಹತ್ತಿರ ಐದು ವರ್ಷ ಕಲಿತಿರಬೇಕು. ಕಲಿಯಲು ಶುರು ಮಾಡಿದ ದಿನವೇ ಗುರುಗಳಿಂದ ಒಂದು ಸಾಲು ಬರೆಸಿಕೊಳ್ಳಿ.

ನಮ್ಮ ಗುಮಟೆ ತಂಡಕ್ಕೆ ನೋಂದಣಿ ಇಲ್ಲ. ಬೇಕೇ ಬೇಕಾ?

ಒಬ್ಬೊಬ್ಬರ ಮಾಸಾಶನಕ್ಕೆ ಬೇಡ. ತಂಡದ ಹೆಸರಿನಲ್ಲಿ ಅನುದಾನ ಬೇಕಾದರೆ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಸಂಘ ಮಾಡಲು ಕನಿಷ್ಠ ಏಳು ಜನ ಇರಬೇಕು. ಕೇಂದ್ರದ ಅನುದಾನಕ್ಕೆ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲೂ ನೋಂದಾಯಿಸಬೇಕು. ನೋಂದಣಿ ಆದ ಮೇಲೆ ಪ್ರತಿ ವರ್ಷ ಲೆಕ್ಕ ಕೊಡಬೇಕು. ಬಹಳ ಸಂಘಗಳು ಇಲ್ಲೇ ಸೋಲುತ್ತವೆ. ಲೆಕ್ಕ ಬರೆಯುವವರು ಒಬ್ಬರು ಸಿಕ್ಕ ಮೇಲೆಯೇ ಸಂಘ ಮಾಡಿ ಅಂತ ನನ್ನ ಸಲಹೆ. ಲೆಕ್ಕ ನಿಂತರೆ ಅನುದಾನವೂ ನಿಲ್ಲುತ್ತದೆ, ಗೆಳೆತನವೂ ಕೆಡುತ್ತದೆ.

ವಾದ್ಯ ಕೊಳ್ಳಲು ಸಹಾಯ ಇದೆಯಾ? ಗುಮಟೆಗೆ ಬಿಲ್ ಎಲ್ಲಿಂದ ತರುವುದು?

ವಾದ್ಯ ಪರಿಕರ, ವೇಷಭೂಷಣ ಕೊಳ್ಳಲು ಇಲಾಖೆಯಿಂದ ಧನಸಹಾಯ ಇದೆ. ಚಂಡೆ, ಮದ್ದಲೆ, ಹಾರ್ಮೋನಿಯಂಗೆ ಅಂಗಡಿಯ ದರಪಟ್ಟಿ ಸಿಗುತ್ತದೆ. ಗುಮಟೆಯ ಕಥೆ ಬೇರೆ. ಕುಂಬಾರರಿಂದ ಮಡಿಕೆ ತರುತ್ತೇವೆ, ಚರ್ಮ ನಾವೇ ಬಿಗಿಯುತ್ತೇವೆ. ಮಡಿಕೆ ಮಾಡಿದವರಿಂದ ಬಿಳಿ ಹಾಳೆಯಲ್ಲಾದರೂ ಹೆಸರು, ದಿನಾಂಕ, ಬೆಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಆ ಚೀಟಿ ನಡೆಯುತ್ತದಾ ಅಂತ ಅರ್ಜಿಗೆ ಮೊದಲೇ ಕಚೇರಿಯಲ್ಲಿ ಕೇಳಿ.

ಇನ್ನೊಂದು ಮಾತು. ಹಿಂದೆ ಗುಮಟೆಗೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಅಂಥ ಗುಮಟೆಯ ಫೋಟೊ ಅರ್ಜಿಗೆ ಅಂಟಿಸಬೇಡಿ, ಹೊಸದಾಗಿ ಮಾಡುವುದಂತೂ ಬೇಡವೇ ಬೇಡ. ಆಡಿನ ಚರ್ಮದ್ದೂ ಒಳ್ಳೆಯ ನಾದ ಕೊಡುತ್ತದೆ. ಸ್ವಲ್ಪ ಬೆಂಕಿಗೆ ಕಾಯಿಸಿದರೆ ಸಾಕು.

ನಾವು ಗುಡಿಗಾರರು. ಬೆಂಡಿನ ಬಾಸಿಂಗ, ಮರದ ಕೆತ್ತನೆ ನಮ್ಮ ಕೆಲಸ. ನಮಗೆ ಯಾವ ಯೋಜನೆ?

ಕೆತ್ತನೆಯವರಿಗೆ ಮಾಸಾಶನದ ದಾರಿಯೂ ಇದೆ. ಅದಕ್ಕಿಂತ ಬೇಗ ಸಿಗುವುದು ಪಿಎಂ ವಿಶ್ವಕರ್ಮ ಯೋಜನೆ. 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಒಟ್ಟು 18 ಕಸುಬುಗಳು. ಶಿಲ್ಪಿ, ಬಡಗಿ, ಕುಂಬಾರ, ದೋಣಿ ಮಾಡುವವರು, ಬುಟ್ಟಿ ಚಾಪೆ ಹೆಣೆಯುವವರು, ಗೊಂಬೆ ಮಾಡುವವರು ಎಲ್ಲ ಇದ್ದಾರೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ. ಆಮೇಲೆ ಅಡಮಾನ ಇಲ್ಲದೆ ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷದವರೆಗೆ ಸಾಲ. ಒಂದು ಮನೆಯಿಂದ ಒಬ್ಬರು ಮಾತ್ರ. ಸಾಲ ಸಾಲವೇ, ತೀರಿಸಬೇಕು. ಕೆಲಸ ಕೈಯಲ್ಲಿದ್ದರೆ ಮಾತ್ರ ತಗೊಳ್ಳಿ.

ಕರಕುಶಲ ಕೆಲಸದವರಿಗೆ ಕೇಂದ್ರದ ಪೆಹಚಾನ್ ಗುರುತಿನ ಚೀಟಿ ಇದೆ. ಮಾಡಿಸಿಕೊಳ್ಳಿ. ಕರಕುಶಲ ವಸ್ತುಗಳ ಪ್ರದರ್ಶನದಲ್ಲಿ ಮಳಿಗೆ ಕೇಳುವಾಗ ಅದು ಬೇಕಾಗುತ್ತದೆ.

ಸಿದ್ದಿ, ಗೊಂಡ, ಹಾಲಕ್ಕಿ ಕಲಾವಿದರಿಗೆ ಬೇರೆ ಅನುದಾನ ಇದೆಯಾ?

ಇಲಾಖೆಯ ಹಣದಲ್ಲಿ ಒಂದು ಪಾಲು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗೆ ಮೀಸಲು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಡಮಾಮಿ ಕುಣಿತದ ತಂಡಗಳು ಜಾತಿ ಪ್ರಮಾಣಪತ್ರ ಇಟ್ಟು ಈ ಪಾಲಿನಲ್ಲಿ ವಾದ್ಯ, ಕಾರ್ಯಕ್ರಮ ಕೇಳಬಹುದು. ಭಟ್ಕಳದ ಗೊಂಡರೂ ಕೇಳಬಹುದು. ಹಾಲಕ್ಕಿಗಳು ಪಂಗಡದ ಪಟ್ಟಿಗೆ ಸೇರಿಸಿ ಅಂತ ದಶಕಗಳಿಂದ ಕೇಳುತ್ತಲೇ ಇದ್ದಾರೆ, ಇನ್ನೂ ಆಗಿಲ್ಲ. ಸುಗ್ಗಿ ಕುಣಿತದ ತುರಾಯಿ (ತಲೆಯ ಅಲಂಕಾರ) ಕಟ್ಟಿ ಊರೂರು ಕುಣಿದು ಬರುವ ಜನ ಈ ಪಾಲಿನಿಂದ ಹೊರಗಿರುವುದು ನನಗೆ ಸರಿ ಕಾಣುವುದಿಲ್ಲ. ಸದ್ಯಕ್ಕೆ ಅವರು ಸಾಮಾನ್ಯ ಪಾಲಿನಲ್ಲೇ ಅರ್ಜಿ ಹಾಕಬೇಕು.

ಮಾಸಾಶನ ಬರುತ್ತಿತ್ತು, ನಿಂತು ಹೋಗಿದೆ. ಯಾರನ್ನು ಕೇಳಲಿ?

ಮೊದಲು ಬ್ಯಾಂಕಿಗೆ ಹೋಗಿ. ಆಧಾರ್ ಮೂಲಕ ಬರುವ ಹಣ, ನೀವು ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಆ ಖಾತೆಗೆ ಹೋಗುತ್ತದೆ. ಬೇರೆ ಯಾವುದೋ ಯೋಜನೆಗೆ ಹೊಸ ಖಾತೆ ತೆರೆದಿದ್ದರೆ ಹಣ ಅಲ್ಲಿ ಬಿದ್ದಿರುತ್ತದೆ. ನಮ್ಮೂರಿನ ಹಾಸ್ಯಗಾರರೊಬ್ಬರು ಏಳು ತಿಂಗಳು ಹಣ ಬಂದಿಲ್ಲ ಅಂತ ಕೊರಗಿದ್ದರು. ಪೋಸ್ಟ್ ಆಫೀಸ್ ಖಾತೆಯಲ್ಲಿ ಎಲ್ಲವೂ ಹಾಗೇ ಇತ್ತು.

ಅಲ್ಲೂ ಇಲ್ಲ ಅಂದರೆ ಜೀವಂತ ಪ್ರಮಾಣಪತ್ರ ಕೊಟ್ಟಿದ್ದೀರಾ ನೋಡಿ. ನೀವು ಬದುಕಿದ್ದೀರಿ ಅಂತ ಕಚೇರಿ ಕೇಳಿದಾಗೆಲ್ಲ ಕಾಗದ ಕೊಡಬೇಕು. ಹಾಸಿಗೆ ಹಿಡಿದವರಿಗೆ ಇದು ಬಹಳ ಕಷ್ಟ. ಅಂಥ ಮನೆಯಿದ್ದರೆ ಅಕ್ಕಪಕ್ಕದವರೇ ನೆನಪಿಟ್ಟು ಮಾಡಿಸಿಕೊಡಿ.

ಅರ್ಜಿ ತಿರಸ್ಕಾರ ಆಗಿದೆ. ಕಾರಣ ಹೇಳುತ್ತಿಲ್ಲ.

ಕಾರಣವನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಲೇಬೇಕು. ಜಗಳಕ್ಕೆ ಅಂತ ಬರೆಯಬೇಡಿ. "ನನ್ನ ಅರ್ಜಿಯಲ್ಲಿ ಏನು ಕೊರತೆ ಇತ್ತು ತಿಳಿಸಿ" ಅಂತ ಸೌಮ್ಯವಾಗಿ ಬರೆಯಿರಿ. ಕೊರತೆ ತುಂಬಿ ಮುಂದಿನ ಸಲ ಮತ್ತೆ ಹಾಕಿ. ದೊಡ್ಡಪ್ಪನಿಗೆ ಸಿಕ್ಕಿದ್ದು ಎರಡನೇ ಸಲ.

ಒಬ್ಬರು "ಮಾಡಿಸಿಕೊಡುತ್ತೇನೆ, ಖರ್ಚಿಗೆ ಕೊಡಿ" ಅನ್ನುತ್ತಿದ್ದಾರೆ.

ಕೊಡಬೇಡಿ. ಗ್ರಾಮ ಒನ್‌ನ ಸೇವಾ ಶುಲ್ಕ, ಜೆರಾಕ್ಸ್, ನೋಟರಿ, ಬಸ್ ಚಾರ್ಜ್ ಬಿಟ್ಟರೆ ಬೇರೆ ಖರ್ಚು ಇಲ್ಲ. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು.

ಕಲಾವಿದರು ತೀರಿಕೊಂಡರೆ ಮನೆಯವರಿಗೆ ಏನಾದರೂ ಬರುತ್ತದಾ?

ರಾಜ್ಯದ ಮಾಸಾಶನ ಪಡೆಯುತ್ತಿದ್ದವರು ತೀರಿಕೊಂಡರೆ ಪತ್ನಿಗೆ ವಿಧವಾ ಮಾಸಾಶನ ಇದೆ, ಮೊತ್ತ ಕಡಿಮೆ. ಕೇಂದ್ರದ್ದಾದರೆ ಗಂಡ ಅಥವಾ ಹೆಂಡತಿಯ ಹೆಸರಿಗೆ ವರ್ಗ ಆಗುತ್ತದೆ. ಎರಡೂ ತಾನಾಗಿ ಆಗುವುದಿಲ್ಲ. ಮರಣ ಪ್ರಮಾಣಪತ್ರ ಇಟ್ಟು ಅರ್ಜಿ ಹಾಕಬೇಕು. ದುಃಖದಲ್ಲಿ ಇದೆಲ್ಲ ಯಾರಿಗೂ ನೆನಪಾಗುವುದಿಲ್ಲ. ಅದಕ್ಕೇ ಮಂಜೂರಾತಿ ಆದೇಶದ ಪ್ರತಿ ಎಲ್ಲಿದೆ ಅಂತ ಮನೆಯವರಿಗೆ ಈಗಲೇ ತೋರಿಸಿಡಿ.

ಮೇಳದ ತಿರುಗಾಟದಲ್ಲಿ ಅಪಘಾತ ಆದರೆ?

ರಾತ್ರಿ ಪ್ರಯಾಣ ಮಾಡುವವರು ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಲೇಬೇಕು. ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ 2 ಲಕ್ಷದ ಅಪಘಾತ ವಿಮೆ. ಆಸ್ಪತ್ರೆ ಖರ್ಚಿಗೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. 2021ರ ಲಾಕ್‌ಡೌನ್‌ನಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ 3,000 ರೂಪಾಯಿ ಘೋಷಿಸಿತ್ತು. ಕಾಗದ ಸರಿ ಇದ್ದವರು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ತಗೊಂಡರು. ನಮ್ಮ ಕೇರಿಯಲ್ಲಿ ಅದನ್ನು ಪಡೆಯದೆ ಉಳಿದವರೂ ಇದ್ದರು.

ನಾನು ಕಲಾವಿದನಲ್ಲ. ನಮ್ಮೂರಿನ ಒಬ್ಬ ಅಜ್ಜಿಗೆ ಸಹಾಯ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಒಂದು ಭಾನುವಾರ ಅವರ ಮನೆಗೆ ಹೋಗಿ. ಅರ್ಜಿಯ ಮಾತು ಮೊದಲೇ ಎತ್ತಬೇಡಿ. ಹಾಡು ಹೇಳಿಸಿ, ಮೊಬೈಲಿನಲ್ಲಿ ತುಂಬಿಕೊಳ್ಳಿ. ಮೊದಲ ಹಾಡಿಗೆ ನಾಚಿಕೊಳ್ಳುತ್ತಾರೆ, ಮೂರನೆಯದಕ್ಕೆ ನೀವಿರುವುದೇ ಮರೆಯುತ್ತದೆ. ಹಾಡು ಯಾರಿಂದ ಬಂತು, ಯಾರ ಮದುವೆಯಲ್ಲಿ ಹೇಳಿದ್ದು, ಗದ್ದೆ ನೆಟ್ಟಿಯಲ್ಲಿ ಯಾರು ಜೊತೆಗೆ ದನಿಗೂಡಿಸುತ್ತಿದ್ದರು ಕೇಳಿ ಬರೆದುಕೊಳ್ಳಿ. ದಿನಾಂಕ ಹಾಕಿ. ಹೊರಡುವ ಮೊದಲು ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೂರರ ಫೋಟೊ ತಗೊಂಡು ಹೆಸರು ತಾಳೆಯಾಗುತ್ತದಾ ನೋಡಿ. ಸೋಮವಾರ ಆ ಮೂರನ್ನು ಹಿಡಿದು ಪಂಚಾಯಿತಿಯ ಗ್ರಾಮ ಒನ್‌ಗೆ ಹೋಗಿ. ಅಜ್ಜಿಯನ್ನು ಆಟೊದಲ್ಲಿ ನೀವೇ ಕರೆದುಕೊಂಡು ಹೋಗಿ, ಹೆಬ್ಬೆಟ್ಟು ಕೊಡಬೇಕಾಗಬಹುದು.